ತಂತಿಯಿಲ್ಲದ ಫೋನು

ಪೆಟ್ಟಿಗೆ ಬಿಚ್ಚುವ ಮುಂಚೆ ಟೈಲರಮ್ಮ ಸೋಪು ಹಾಕಿ ಕೈ ತೊಳೆದುಕೊಂಡಳು. ಬೀದಿಯವರು ಅವಳನ್ನು ಕರೆಯುವುದೇ ಹಾಗೆ. ಮನೆಯ ಹಿಂದಿನ ಕೋಣೆಯಲ್ಲಿ ಎರಡು ಕರೆಂಟ್ ಮಿಷನ್ ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಕತ್ತರಿಸುವ ಮೇಜಿನ ಮೇಲಿದ್ದ ನೀಲಿ ಬಟ್ಟೆಯನ್ನೆಲ್ಲ ಒಂದು ಕಡೆಗೆ ಸರಿಸಿ, ಒಳಗಿನ ಒಂದೊಂದೇ ಸಾಮಾನನ್ನು ಹಸುಗೂಸನ್ನು ಎತ್ತುವ ಹಾಗೆ ಎತ್ತಿಟ್ಟಳು. ಗೋಡೆಯ ಪಕ್ಕ ಇಡುವ ಅಗಲವಾದ ಒಂದು ಬೇಸು. ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಲು ಕುಳ್ಳ ಆಂಟೆನಾದ ಒಂದು ಹ್ಯಾಂಡ್‌ಸೆಟ್ಟು. ಅಡಾಪ್ಟರು, ಬ್ಯಾಟರಿ, ಒಂದು ಗೇಣುದ್ದದ ಫೋನ್ ವೈರು, ಅಷ್ಟೇ. ಇಷ್ಟಕ್ಕೆ ಎರಡು ತಿಂಗಳ ಹೊಲಿಗೆ ಹೋಗಿತ್ತು. ಹೋಗಲಿ ಬಿಡಿ, ಅವಳಿಗೆ ಅದರ ಚಿಂತೆ ಇರಲಿಲ್ಲ.

ಜೇಬಿಗೊಂದು ಫೋನು ಇಟ್ಟುಕೊಂಡು ಓಡಾಡುವ ಕಾಲ ಇನ್ನೂ ಬಂದಿರಲಿಲ್ಲ. ಅವಳ ಗಂಡ ಬಸ್ ಡ್ರೈವರ್, ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷದಿಂದ ಮನೆಯಲ್ಲಿದ್ದ. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಿಕೊಂಡು ಬಂದು ಹಿಂಡಿದ ಬಟ್ಟೆಯಂತೆ ಮಲಗುತ್ತಿದ್ದ. ಯಾರೋ ತೀರಿಕೊಂಡವರ ಕಿಡ್ನಿ ಹೊಂದಿಕೆಯಾದರೆ ಆಸ್ಪತ್ರೆಯವರು ಮನೆಗೆ ಫೋನ್ ಮಾಡುತ್ತಾರೆ. ಕಾಲು ಗಂಟೆಯೊಳಗೆ ಮೂರು ಸಲ ಮಾಡುತ್ತಾರೆ. ಎತ್ತದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಾರೆ. ಮುಂದೆ ಇನ್ನೊಂದು ಕಿಡ್ನಿ ಸಿಕ್ಕಾಗ, ಎರಡನೇ ಸಲವೂ ಎತ್ತದಿದ್ದರೆ ಹೆಸರೇ ಪಟ್ಟಿಯ ಕೊನೆಗೆ.

ಮೊದಲನೇ ಸಲ ಆಗಿಹೋಗಿತ್ತು. ಹಿಂದಿನ ತಿಂಗಳು, ಒಂದು ಮಂಗಳವಾರ. "ಹತ್ತೂವರೆಗೆ ಮೂರು ಸಲ ಮಾಡಿದ್ವಲ್ಲಮ್ಮ, ಯಾಕೆ ಎತ್ತಲಿಲ್ಲ?" ಎಂದು ಆಸ್ಪತ್ರೆಯ ನರ್ಸು ಕೇಳಿದಾಗಲೇ ಟೈಲರಮ್ಮನಿಗೆ ಗೊತ್ತಾದದ್ದು. ಹತ್ತೂವರೆಗೆ ಗಂಡ ಮಹಡಿಯಲ್ಲಿ ಮಲಗಿದ್ದ. ಅವಳು ಹಿಂದಿನ ಕೋಣೆಯಲ್ಲಿ ಮಿಷನ್ ಓಡಿಸುತ್ತಿದ್ದಳು, ಆ ಸದ್ದಿನಲ್ಲಿ ಸಿಡಿಲು ಬಡಿದರೂ ಕೇಳುತ್ತಿರಲಿಲ್ಲ. ಮಾವ ಮುಂದಿನ ಹಾಲ್‌ನಲ್ಲಿ, ಫೋನಿನಿಂದ ಎರಡು ಮೊಳ ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದರು.

ಮಾವನಿಗೆ ಕಿವಿ ಕೇಳದು. ಬಟ್ಟೆ ಗಿರಣಿಯ ಸ್ವಿಚ್ ರೂಮಿನಲ್ಲಿ ಮೂವತ್ತೆರಡು ವರ್ಷ ಕೂತು ಎದ್ದವರು, ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಎದುರು ನಿಂತು ಬಾಯಿ ಬಿಟ್ಟು ಕೂಗಿದರೆ ಅರ್ಧ ಕೇಳಿ ಅರ್ಧ ಊಹಿಸಿಕೊಳ್ಳುತ್ತಿದ್ದರು. ಗಿರಣಿಯ ಗದ್ದಲದಲ್ಲೂ ಓಡುವ ಮೋಟರಿನ ಮೇಲೆ ಅಂಗೈ ಇಟ್ಟು, "ಇದರ ಬೇರಿಂಗ್ ಹೋಗ್ತಿದೆ, ನಿಲ್ಲಿಸಿ" ಎಂದು ಹೇಳುತ್ತಿದ್ದರಂತೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತಂತೆ. ಗಿರಣಿಯಿಂದ ತಂದ ಇನ್ನೊಂದು ಅಭ್ಯಾಸ ಮಾತ್ರ ಮನೆಯವರಿಗೆಲ್ಲ ತಲೆನೋವು. ಒಂದು ಕೋಣೆಯಿಂದ ಹೊರಡುವಾಗ ಆ ಕೋಣೆಯ ಸ್ವಿಚ್ಚನ್ನೆಲ್ಲ ಆರಿಸಿಯೇ ಹೊರಡಬೇಕು. ಒಂದು ಸಲ ಗಿರಣಿಯಲ್ಲಿ ಆರಿಸದೆ ಬಿಟ್ಟ ಸ್ವಿಚ್ಚಿನಿಂದ ಬೆಂಕಿ ಬಿದ್ದು ಇವರ ಜೊತೆಗಾರನೊಬ್ಬ ಸುಟ್ಟುಹೋಗಿದ್ದ. ಅದು ಗೊತ್ತಿಲ್ಲದ ಬೀದಿಯವರು ಅವರಿಗೆ ಮೇನ್‌ಸ್ವಿಚ್ ತಾತ ಎಂದು ಹೆಸರಿಟ್ಟು ನಗುತ್ತಿದ್ದರು.

"ಮೊದಲ ಸಲ ಹದಿನಾರು ಗಂಟೆ ಚಾರ್ಜ್ ಮಾಡಬೇಕಂತೆ," ಎಂದು ಟೈಲರಮ್ಮ ಪುಸ್ತಕ ನೋಡಿ ಓದಿದಳು.

"ನನಗಿಂತ ಹೆಚ್ಚು ಹೊತ್ತು ಮಲಗುತ್ತಲ್ಲ ಇದು!" ಎಂದ ಗಂಡ. ಮಹಡಿಯಿಂದ ಇಳಿದು ಬಂದು ಸ್ಟೂಲಿನ ಮೇಲೆ ಕೂತಿದ್ದ, ಕಾಲುಗಳು ಬಾತಿದ್ದವು.

ಮಾವ ಬಾಗಿ ಬೇಸನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಅಡಾಪ್ಟರಿನ ವೈರನ್ನು ಬೆರಳಲ್ಲಿ ಹಿಡಿದು ಗೋಡೆಯವರೆಗೂ ಕಣ್ಣಲ್ಲೇ ಎಳೆದರು. "ಕರೆಂಟ್ ಹೋದ್ರೆ?"

"ಬ್ಯಾಟರಿ ಇದೆ ಮಾವ!" ಎಂದು ಅವಳು ಕೂಗಿದಳು.

"ಅದು ಕೈಯಲ್ಲಿ ಇರೋದಕ್ಕೆ. ಇದಕ್ಕೆ?"

ಅವಳು ಆಗಲೇ ಆ ಕಡೆ ತಿರುಗಿ ಹಾಲಿಗೆ ಹೊರಟಿದ್ದಳು. ಮಾವನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾ ಕೂತರೆ ಹದಿನಾರು ಗಂಟೆ ಅಲ್ಲೇ ಕಳೆದುಹೋಗುತ್ತದೆ ಎಂಬುದು ಅವಳ ಅನುಭವ.

ಹದಿನಾರು ಗಂಟೆ ಅವಳು ಮಿಷನ್ ಮುಟ್ಟಲಿಲ್ಲ. ಹಳೆಯ ಕರಿ ಫೋನಿನ ಪಕ್ಕ ಕೂತು ಕೈಯಲ್ಲೇ ಗುಂಡಿ ಹೊಲಿದಳು. ಮರುದಿನ ಬೆಳಗ್ಗೆ ಹಳೆಯ ಫೋನಿನ ವೈರು ಕಿತ್ತು ಬೇಸಿನ ವೈರು ಸಿಕ್ಕಿಸಿದಳು. ಹಳೆಯದನ್ನು ಅಟ್ಟದ ಮೇಲೆ, ಹರಿದ ಸೂಟ್‌ಕೇಸಿನ ಪಕ್ಕ ಇಟ್ಟಳು. ಆಮೇಲೆ ಎದುರುಮನೆ ಔಷಧಿ ಅಂಗಡಿಯವನಿಗೆ ಹೇಳಿ ಒಂದು ಫೋನ್ ಮಾಡಿಸಿದಳು. ಏಪ್ರನ್ನಿನ ಜೇಬಿನಲ್ಲಿ ಅದು ಕಿಣಿಕಿಣಿ ಎಂದಿತು ನೋಡಿ, ಮಿಷನ್ ಓಡುತ್ತಿದ್ದರೂ ತೊಡೆಯ ಮೇಲೆ ಕೂಗಿದ ಹಾಗೆ ಕೇಳಿಸಿತು! ಅಡುಗೆಮನೆಯಲ್ಲಿ ಕೇಳಿತು. ಬಚ್ಚಲಲ್ಲಿ ಕೇಳಿತು. ತಾರಸಿಯ ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಕರಕರ ಎಂದಿತು. "ಹಾಗಾದ್ರೆ ಟ್ಯಾಂಕ್ ದಾಟಿ ಹೋಗಬಾರದು," ಎಂದು ಅವಳು ತನಗೆ ತಾನೇ ಗೆರೆ ಎಳೆದುಕೊಂಡಳು. ಒಂದು ತಿಂಗಳಿನ ಮೇಲೆ ಅವತ್ತು ಅವಳು ಹೊಟ್ಟೆ ತುಂಬ ಊಟ ಮಾಡಿದಳು.

ಮೂರು ಗಂಟೆಗೆ ನೀರು ಕುಡಿಯಲೆಂದು ಹಾಲಿಗೆ ಬಂದರೆ ಬೇಸಿನ ಕೆಂಪು ದೀಪ ಇಲ್ಲ. ಗೋಡೆಯ ಸ್ವಿಚ್ಚು ಆರಿತ್ತು. ಮಾವ ಊಟ ಮಾಡಿ ತಮ್ಮ ಕೋಣೆಗೆ ಹೋಗಿದ್ದರು, ಹೋಗುವಾಗ ಕೈ ತನ್ನ ಕೆಲಸ ಮಾಡಿತ್ತು. ಎಷ್ಟು ಹೊತ್ತಾಯಿತೋ? ಒಂದು ಗಂಟೆಯೋ, ಎರಡು ಗಂಟೆಯೋ? ಇದು ಹೀಗೇ ಆರಿದ್ದು ಬ್ಯಾಟರಿ ಚಾರ್ಜಿಲ್ಲದೆ ಸತ್ತು, ಆಗ ಫೋನ್ ಬಂದರೆ? ಅವಳಿಗೆ ಪಿತ್ತ ನೆತ್ತಿಗೇರಿತು.

"ಮಾವ!" ಎಂದು ಅವರ ಕೋಣೆಗೆ ನುಗ್ಗಿದಳು. ಅದು ಬೀದಿ ಬದಿಯ ಸಣ್ಣ ಕೋಣೆ. ಫೋನಿನ ಲೈನು ಕಂಬದಿಂದ ಆ ಕಿಟಕಿಯ ಮೂಲಕವೇ ಮನೆಯೊಳಗೆ ಬರುತ್ತಿತ್ತು, ಒಂದು ಮರದ ಹಲಗೆಯ ಮೇಲಿನ ಎರಡು ಸ್ಕ್ರೂ ದಾಟಿ ಹಾಲಿಗೆ ಹೋಗುತ್ತಿತ್ತು. "ಸ್ವಿಚ್ ಆರಿಸಿದ್ದೀರಲ್ಲ! ನಿಮ್ಮ ಮಗನ ಜೀವ ಅದು! ಅವತ್ತೂ ನೀವು ಪಕ್ಕದಲ್ಲೇ ಕೂತಿದ್ರಿ. ಎರಡು ಮೊಳ ದೂರದಲ್ಲಿ ಕೂತಿದ್ರಿ!"

ಒಂದು ತಿಂಗಳು ಹಲ್ಲು ಕಚ್ಚಿ ಒಳಗೇ ಇಟ್ಟುಕೊಂಡಿದ್ದ ಮಾತು. ಮಾವನಿಗೆ ಕೇಳಿಸದಿದ್ದರೆ ಸಾಕಿತ್ತು ಅನ್ನಿಸಿತು ಅವಳಿಗೆ. ಆದರೆ ಎದುರೇ ನಿಂತು ಬಾಯಿ ಬಿಟ್ಟು ಕೂಗಿದ್ದಳಲ್ಲ, ಮಾವನಿಗೆ ಒಂದಕ್ಷರವೂ ತಪ್ಪಿರಲಿಲ್ಲ. ಅವರು ಮಂಚದ ಅಂಚಿನಲ್ಲಿ ಕೂತು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ಗೊತ್ತಮ್ಮ," ಎಂದರು.

ಆಮೇಲೆ ಎದ್ದು ಹೋಗಿ ತಮ್ಮ ಸಾಮಾನಿನ ಡಬ್ಬಿಯಿಂದ ಕೆಂಪು ಟೇಪ್ ತಂದು ತಾವೇ ಆ ಸ್ವಿಚ್ಚಿನ ಮೇಲೆ ಮೂರು ಪದರ ಅಂಟಿಸಿದರು. ಅವಳು ನೋಡುತ್ತ ನಿಂತಳು. ರಾತ್ರಿ ಊಟಕ್ಕೆ ಬಡಿಸುವಾಗ ಏನಾದರೂ ಹೇಳಬೇಕೆಂದುಕೊಂಡಳು. ಕ್ಷಮೆ ಕೇಳುವುದನ್ನೂ ಕಿರುಚಿಯೇ ಕೇಳಬೇಕಲ್ಲ! ಗಂಡನ ಮುಂದೆ ಅದಾಗದೆ ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಬೀದಿಯ ತುದಿಯ ಟ್ರಾನ್ಸ್‌ಫಾರ್ಮರು ಢಮಾರ್ ಎಂದಿತು. ಮಿಷನ್ ಉಸಿರು ಬಿಟ್ಟು ನಿಂತಿತು. ಟೈಲರಮ್ಮ ಕರೆಂಟಿನವರಿಗೆ ಎರಡು ಬೈಗುಳ ಬೈದು, ಏಪ್ರನ್ ಜೇಬಿಗೆ ಕೈ ಹಾಕಿ ಫೋನು ಮುಟ್ಟಿ ನೋಡಿಕೊಂಡಳು. ಬೆಚ್ಚಗಿತ್ತು, ಬ್ಯಾಟರಿ ತುಂಬಿತ್ತು. ಪುಣ್ಯ, ಎಂದುಕೊಂಡು ಕಿಟಕಿಯ ಬೆಳಕಿಗೆ ಸರಿದು ಕಾಲರುಗಳನ್ನು ಕೈಯಲ್ಲಿ ಹೊಲಿಯತೊಡಗಿದಳು. ಮನೆ ತಣ್ಣಗಿತ್ತು. ಇಷ್ಟು ನಿಶ್ಶಬ್ದದಲ್ಲಿ ಸೂಜಿ ಬಿದ್ದರೂ ಕೇಳುತ್ತದೆ, ಫೋನ್ ಬಂದರೆ ಕೇಳದೆ ಇರುತ್ತದೆಯೇ? ಹತ್ತೂವರೆ ಆಯಿತು. ಹನ್ನೊಂದಾಯಿತು. ಇಪ್ಪತ್ತು ಕಾಲರು ಮುಗಿದವು.

ಹನ್ನೊಂದೂವರೆಗೆ, ಶಾಲೆಯವರಿಗೆ ಬಟ್ಟೆ ತಡವಾಗುತ್ತದೆಂದು ಹೇಳಲು ಫೋನು ಹೊರಗೆ ತೆಗೆದಳು. ಗುಂಡಿ ಒತ್ತಿದಳು, ಹಸಿರು ದೀಪ ಹೊತ್ತಿತು. ಕಿವಿಗಿಟ್ಟಳು. ಯಾವಾಗಲೂ ಬರುವ ಗುಂಯ್ ಸದ್ದು ಇಲ್ಲ. ಬದಲಿಗೆ ಪೀಂ, ಪೀಂ ಎಂದು ಮೂರು ಸಲ ಕೂಗಿ ಸುಮ್ಮನಾಯಿತು. ಮತ್ತೆ ಒತ್ತಿದಳು, ಮತ್ತೆ ಪೀಂ ಪೀಂ.

ಅದು ಕೈಯಲ್ಲಿ ಇರೋದಕ್ಕೆ. ಇದಕ್ಕೆ?

ಬೇಸಿಗೆ ಬ್ಯಾಟರಿ ಇಲ್ಲ, ಮಾವ ಅವತ್ತು ಕೇಳಿದ್ದು ಅದನ್ನೇ. ಹಾಲಿಗೆ ಓಡಿದಳು. ಕೆಂಪು ಟೇಪಿನಡಿ ಸ್ವಿಚ್ಚು ಹಾಕಿಯೇ ಇತ್ತು, ಬೇಸು ಮಾತ್ರ ಸತ್ತು ಬಿದ್ದಿತ್ತು. ಒಂದೂವರೆ ಗಂಟೆ! ಒಂದೂವರೆ ಗಂಟೆ ಅವಳು ಸತ್ತ ಫೋನನ್ನು ಜೇಬಿನಲ್ಲಿ ಇಟ್ಟುಕೊಂಡು ಹಾಯಾಗಿ ಕಾಲರು ಹೊಲಿದಿದ್ದಳು. ಹಳೇ ಫೋನು, ಹಳೇ ಫೋನಿಗೆ ಕರೆಂಟ್ ಬೇಕಿಲ್ಲ, ಎಷ್ಟು ಸಲ ಕತ್ತಲಲ್ಲಿ ಮಾತಾಡಿಲ್ಲ ಅದರಲ್ಲಿ! ಸ್ಟೂಲು ಎಳೆದು ಅಟ್ಟಕ್ಕೆ ಕೈ ಹಾಕಿದಳು. ಸೂಟ್‌ಕೇಸು ಇತ್ತು. ಫೋನಿರಲಿಲ್ಲ. ಸೂಟ್‌ಕೇಸನ್ನು ಕೆಳಗೆ ದಬ್ಬಿದಳು, ಹಳೆಯ ಪಾತ್ರೆಗಳನ್ನು ದಬ್ಬಿದಳು, ಧಡಧಡನೆ ಎಲ್ಲ ಉರುಳಿದವು. "ಏನಾಯ್ತೇ ಮಾರಾಯ್ತಿ?" ಎಂದು ಮಹಡಿಯಿಂದ ಗಂಡ ಕೂಗಿದ. ಫೋನಿಲ್ಲ. ಎಲ್ಲಿ ಹೋಯಿತು? ಗುಜರಿಯವನಿಗೆ ಹಾಕಿಬಿಟ್ಟರೇ ಮಾವ? ಸಿಟ್ಟಿನಲ್ಲಿ ಹಾಕಿಬಿಟ್ಟರೇ?

ಆಗ ಬೀದಿ ಬದಿಯ ಕೋಣೆಯಿಂದ ಅಬ್ಬರ ಕೇಳಿಸಿತು. ಮಾವ ಯಾರ ಜೊತೆಗೋ ಜಗಳಕ್ಕೆ ನಿಂತವರಂತೆ ಕಿರುಚುತ್ತಿದ್ದರು.

"ಇಡಬೇಡಿ! ದಮ್ಮಯ್ಯ, ಇಡಬೇಡಿ! ನನಗೆ ಕಿವಿ ಕೇಳಲ್ಲ. ಮನೇಲಿ ಜನ ಇದ್ದಾರೆ! ಸೊಸೆ ಬರ್ತಾಳೆ! ಇಡಬೇಡಿ!"

ಅವಳು ಸ್ಟೂಲಿನಿಂದ ಹಾರಿದಳು. ಮಾವ ಕಿಟಕಿಯ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಹಳೆಯ ಕರಿ ಫೋನು. ಅದರ ವೈರಿನ ಎರಡು ತುದಿ ಸುಲಿದು ಮರದ ಹಲಗೆಯ ಸ್ಕ್ರೂಗಳಿಗೆ ಸುತ್ತಿದ್ದರು. ಒಂದು ಕೈಯಲ್ಲಿ ರಿಸೀವರು ಬಾಯಿಗೆ ಒತ್ತಿಕೊಂಡಿದ್ದರು, ಇನ್ನೊಂದು ಕೈ ಫೋನಿನ ಬೆನ್ನ ಮೇಲೇ ಇತ್ತು. ಅವಳನ್ನು ಕಂಡದ್ದೇ ರಿಸೀವರು ಚಾಚಿದರು.

"ಹಲೋ," ಎಂದಳು.

"ಅಬ್ಬಾ, ಯಾರಮ್ಮ ಅದು, ನನ್ನ ಕಿವಿ ತೂತು ಮಾಡಿಬಿಟ್ರು," ಎಂದಿತು ಆಸ್ಪತ್ರೆಯ ಹೆಂಗಸಿನ ದನಿ. "ಕಿಡ್ನಿ ಸಿಕ್ಕಿದೆ. ಎರಡು ಗಂಟೆಯೊಳಗೆ ಇಲ್ಲಿರಬೇಕು. ಏನೂ ತಿನ್ನಿಸಬೇಡಿ, ನೀರೂ ಬೇಡ. ಬರ್ತೀರಾ?"

"ಬರ್ತೀವಿ," ಎಂದಳು. "ಬರ್ತೀವಿ, ಬರ್ತೀವಿ, ಬಂದ್ವಿ."

ಆಮೇಲೆ ಮನೆ ಅಲ್ಲೋಲಕಲ್ಲೋಲ. ಔಷಧಿ ಅಂಗಡಿಯವನು ಟ್ಯಾಕ್ಸಿ ಕರೆಯಲು ಓಡಿದ. ಗಂಡ ಮಹಡಿಯ ಮೆಟ್ಟಿಲು ಇಳಿಯುತ್ತಾ, "ನಿಧಾನ ಕಣೇ, ಬಸ್ ಬಿಟ್ಟರೆ ಇನ್ನೊಂದು ಬರುತ್ತೆ ಅಂತ ನಾನೇ ಸಾವಿರ ಜನಕ್ಕೆ ಹೇಳಿದ್ದೀನಿ," ಎಂದು ನಗಲು ಹೋಗಿ ಅತ್ತ. ಅವಳು ಆಸ್ಪತ್ರೆಯ ಕಡತ, ಟವೆಲು, ಚಾದರ ಎಲ್ಲ ಒಂದು ಚೀಲಕ್ಕೆ ತುರುಕಿದಳು. ಎರಡು ಕಾಲಿಗೆ ಎರಡು ಜೊತೆಯ ಚಪ್ಪಲಿ ಮೆಟ್ಟಿದ್ದು ಗೊತ್ತಾದದ್ದು ಬಾಗಿಲಲ್ಲಿ.

ಟ್ಯಾಕ್ಸಿಯಲ್ಲಿ ಗಂಡನನ್ನು ಕೂರಿಸಿ ಅವಳು ಮಾವನ ಕೋಣೆಗೆ ವಾಪಸು ಬಂದಳು. ಅವರು ಕೂತಲ್ಲಿಂದ ಎದ್ದಿರಲಿಲ್ಲ. ಕಾಲು ಜೋಮು ಹಿಡಿದಿತ್ತು, ಹತ್ತು ಗಂಟೆಗೆ ಫ್ಯಾನು ನಿಂತ ಕೂಡಲೇ ಕೂತವರು.

ಅವಳು ಎದುರು ಮೊಣಕಾಲೂರಿ ಕೂತಳು. "ಮಾವ, ಹೇಗೆ ಕೇಳಿಸ್ತು ನಿಮಗೆ?"

"ಕೇಳಿಸ್ಲಿಲ್ಲಮ್ಮ." ಅಂಗೈ ತೆರೆದು ತೋರಿಸಿದರು. "ಇದಕ್ಕೆ ಗೊತ್ತಾಯ್ತು. ಒಳಗಿನ ಗಂಟೆ ಅಲ್ಲಾಡುತ್ತಲ್ಲ." ಆ ಕೈಯನ್ನು ಮತ್ತೆ ಫೋನಿನ ಮೇಲಿಟ್ಟರು. "ಅವತ್ತು ಕೈ ಇಟ್ಟಿರ್ಲಿಲ್ಲ."

ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. ಅಳು ಬಂತು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಬಡಿದ.

"ನೀವೂ ಬನ್ನಿ ಮಾವ."

"ನಾನು ಬಂದ್ರೆ ಫೋನ್ ಯಾರು ನೋಡ್ತಾರೆ? ಕರೆಂಟ್ ಬಂದಿಲ್ಲ ಇನ್ನೂ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. "ಅವನಿಗೆ ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗುತ್ತೆ? ನೀನು ಹೇಳಿದ್ದು ಫೋನಿನಲ್ಲಿ ನನಗೆ ಕೇಳಲ್ಲ."

ಅವಳು ಕಣ್ಣೊರೆಸಿಕೊಂಡು ಅವರ ಮುಖದ ಮುಂದೆ ಮೂರು ಬೆರಳು ಎತ್ತಿದಳು. "ಎಲ್ಲ ಸರಿಹೋದ್ರೆ ಮೂರು ರಿಂಗು! ಮೂರು ಕೊಟ್ಟು ಕಟ್ ಮಾಡ್ತೀನಿ. ನೀವು ಎತ್ತಬೇಡಿ. ಎಣಿಸಿ ಸಾಕು!"

ಮಾವ ಮೂರು ಬೆರಳು ಎತ್ತಿ ತೋರಿಸಿದರು. ಅವಳು ಓಡಿದಳು.

ಪರೀಕ್ಷೆ, ಆಪರೇಷನ್ ಎಲ್ಲ ಮುಗಿಯುವ ಹೊತ್ತಿಗೆ ರಾತ್ರಿ ಕಳೆದಿತ್ತು. ಬೆಳಗ್ಗೆ ಆರು ಗಂಟೆಗೆ ಡಾಕ್ಟರು ಹೊರಗೆ ಬಂದು, ಹೊಸ ಕಿಡ್ನಿ ಕೆಲಸ ಶುರುಮಾಡಿದೆ, ಮೂತ್ರ ಬಂತು ಎಂದರು. ಅದಕ್ಕಿಂತ ಒಳ್ಳೆಯ ಸುದ್ದಿಯನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ನಾಣ್ಯದ ಫೋನಿಗೆ ಹೋದಳು. ಮನೆಯ ನಂಬರ್ ತಿರುಗಿಸುವಾಗ ಎರಡು ಸಲ ತಪ್ಪಿತು.

ಒಂದು ರಿಂಗಾಯಿತು. ಯಾರೂ ಎತ್ತಲಿಲ್ಲ. ಎರಡಾಯಿತು. ಒಂದು ತಿಂಗಳು ಅವಳ ನಿದ್ದೆ ಕೆಡಿಸಿದ್ದ ಸದ್ದು ಅದೇ, ಯಾರೂ ಎತ್ತದ ಫೋನಿನ ಸದ್ದು. ಮೂರಾಯಿತು. ಆಗಲೂ ಯಾರೂ ಎತ್ತಲಿಲ್ಲ.

ಟೈಲರಮ್ಮ ರಿಸೀವರನ್ನು ಮೆತ್ತಗೆ ಇಟ್ಟಳು. ಕೊಟ್ಟ ನಾಣ್ಯ ಠಣ್ ಎಂದು ಕೆಳಗೆ ವಾಪಸು ಬಿತ್ತು. ಅವಳು ಅದನ್ನು ತೆಗೆದುಕೊಳ್ಳದೆ, ಆ ಫೋನಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.