ಹಾಡ್ಯಾಡಿ ಅಳುವುದು

ಮೂಲ್ಕಿಯಿಂದ ಬಂದ ಗ್ರೇಟಾ ಸೋನ್ಸ್ ಆ ಊರಲ್ಲಿ ಮೊದಲು ಕಳೆದುಕೊಂಡದ್ದು ತನ್ನ ಹೆಸರನ್ನು. ಮಿಶನ್ನಿನವರು ಅವಳನ್ನು ಮೂರು ವರ್ಷಕ್ಕೆಂದು ಕುಷ್ಟಗಿ ತಾಲೂಕಿನ ಈ ಕೆಂಪು ಮಣ್ಣಿನ ಊರಿಗೆ ಕಳಿಸಿದ್ದರು. ವಾರದ ದಿನ ಹೆಂಗಸರಿಗೆ ಹೊಲಿಗೆ ಕಲಿಸಬೇಕು, ಭಾನುವಾರ ಆರಾಧನೆ ನಡೆಸಬೇಕು. ಪಾದ್ರಿಗಳು ಕೊಪ್ಪಳದಿಂದ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಬಸ್ಸಿಳಿದ ದಿನವೇ ಅವಳು ಎಲ್ಲರಿಗೂ ಅಕ್ಕಾರು ಆದಳು. ಕಲಿಸಲು ಬಂದ ಹೆಂಗಸು ಯಾರೇ ಆಗಲಿ, ಆ ಕಡೆ ಅಕ್ಕಾರೇ.

ಮೊದಲ ಭಾನುವಾರ ಅವಳಿಗೆ ದಿಕ್ಕು ತಪ್ಪಿತು. ಅವಳ ಊರಿನ ಚರ್ಚಿನಲ್ಲಿ ಬೆಂಚು, ಕೀರ್ತನೆ ಪುಸ್ತಕ, ಆರ್ಗನ್ನು. ಕೆಮ್ಮು ಬಂದರೂ ಕರ್ಚೀಫು ಅಡ್ಡ ಹಿಡಿಯಬೇಕು. ಇಲ್ಲಿ ತಗಡಿನ ಶೆಡ್ಡಿನ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಜಮಖಾನ, ಹೆಂಗಸರ ತಲೆ ತುಂಬ ಸೆರಗು, ಸಭೆಯ ಹಿರಿಯ ಹನಮಪ್ಪನ ಕೈಯಲ್ಲಿ ತಾಳ. ಚರ್ಚಿಗೆ ಅವರು ಗುಡಿ ಎನ್ನುತ್ತಿದ್ದರು. ಹಾಡು ಎತ್ತುವವಳು ಮಾರೆಮ್ಮ. ಅವಳ ಅಜ್ಜನ ಕಾಲಕ್ಕೇ ಮನೆಯವರು ಕ್ರೈಸ್ತರಾಗಿದ್ದರೂ ಹೆಸರು ಮಾತ್ರ ಮುತ್ತಜ್ಜಿಯದೇ ಉಳಿದಿತ್ತು. ಆ ಹೆಸರೇಕೆ ಎಂದು ಗ್ರೇಟಾ ಕೇಳಿದಾಗ, ಯೇಸಪ್ಪ ನನ್ನನ್ನು ಈ ಹೆಸರಿನಿಂದಲೇ ಗುರುತು ಹಿಡಿಯುತ್ತಾನೆ ಬಿಡ್ರಿ ಎಂದು ನಕ್ಕಿದ್ದಳು. ಅಕ್ಷರ ಬಾರದ ಹೆಂಗಸು. ಆದರೆ ಅವಳು ಭಜನೆಯ ಧಾಟಿಯಲ್ಲಿ ಒಂದು ಸಾಲು ಎತ್ತಿದರೆ ಶೆಡ್ಡಿನ ತಗಡು ಕೂಡ ಗುಂಯ್ಗುಡುತ್ತಿತ್ತು. ಮೂರು ವಾರದಲ್ಲಿ ಗ್ರೇಟಾ ಪುಸ್ತಕ ಮುಚ್ಚಿಟ್ಟು ಅವಳ ಹಿಂದೆ ಹಾಡತೊಡಗಿದಳು.

ನಾಲ್ಕನೆಯ ತಿಂಗಳಲ್ಲಿ ಮಾರೆಮ್ಮನ ಒಬ್ಬಳೇ ಮಗಳು ಸುನಿತಾ ತೀರಿಕೊಂಡಳು. ಬೀಜದ ಹತ್ತಿ ಹೊಲದಲ್ಲಿ ಹೂವಿಗೆ ಹೂ ಸೋಕಿಸುವ ಕೂಲಿಗೆ ಹೋಗುತ್ತಿದ್ದ, ಇಪ್ಪತ್ತೆರಡರ ಹುಡುಗಿ. ಡೆಂಗಿ ಜ್ವರ ನಾಲ್ಕೇ ದಿನದಲ್ಲಿ ಎಳೆದುಕೊಂಡು ಹೋಯಿತು.

ಹೆಣದ ಸುತ್ತ ಹೆಂಗಸರು ಕುಳಿತರು. ಮಾರೆಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು. ಆ ಸೀಮೆಯಲ್ಲಿ ಅದಕ್ಕೆ ಹಾಡ್ಯಾಡಿ ಅಳುವುದು ಅನ್ನುತ್ತಾರೆ. ಸತ್ತವರು ಹುಟ್ಟಿದ್ದು, ಬೆಳೆದದ್ದು, ಉಂಡದ್ದು, ಉಟ್ಟದ್ದು, ಮಾಡಿದ ಒಳ್ಳೆಯದು, ಎಲ್ಲವನ್ನೂ ರಾಗವಾಗಿ ಹೇಳಿ ಅಳುವುದು. ಹಾಗೆ ಹೇಳದೆ ಯಾರನ್ನೂ ಮಣ್ಣಿಗೆ ಕಳಿಸುವುದಿಲ್ಲ. ಗ್ರೇಟಾಗೆ ಇದು ಗೊತ್ತಿರಲಿಲ್ಲ. ಅವಳು ಕಂಡದ್ದು ಎದೆ ಬಡಿದುಕೊಂಡು ರಾಗ ಎಳೆಯುವ ಒಬ್ಬ ಭಕ್ತೆಯನ್ನು. ಮಿಶನ್ನಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದೆಲ್ಲ ತಲೆಗೆ ಬಂತು, ಹೃದಯಕ್ಕೆ ಏನೂ ಬರಲಿಲ್ಲ. ಅವಳು ಮಾರೆಮ್ಮನ ಹೆಗಲು ಮುಟ್ಟಿ ಹೇಳಿದಳು:

"ಸಾಕು ಮಾರೆಮ್ಮ. ನಂಬಿಕೆ ಇರುವವರು ಹೀಗೆ ಹಾಡಿಕೊಂಡು ಅಳುವುದಿಲ್ಲ."

ಮಾರೆಮ್ಮ ಅವಳ ಮುಖ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಮಣ್ಣು ಮುಗಿಯುವವರೆಗೆ ತೆಗೆಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಭಾನುವಾರ ಮಾರೆಮ್ಮ ಎಂದಿನಂತೆ ಬಂದು ಮುಂದಿನ ಸಾಲಿನಲ್ಲೇ ಕುಳಿತಳು, ಆದರೆ ಬಾಯಿ ಬಿಡಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹನಮಪ್ಪ ತಾಳ ಹಿಡಿದು ಕಾದು ಕಾದು, ಕೊನೆಗೆ ತಾನೇ ಒಡಕು ದನಿಯಲ್ಲಿ ಎತ್ತಿದ. ಯಾರೂ ಹಿಂದೆ ಹಾಡಲಿಲ್ಲ. ತಿಂಗಳಾದ ಮೇಲೆ ಗ್ರೇಟಾ ಅವಳ ಮನೆಗೇ ಹೋದಳು. ಮಾರೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಹಾಡುವುದಿಲ್ಲ ಎಂದು ಗ್ರೇಟಾ ಕೇಳಿದಾಗ ಕೈ ನಿಲ್ಲಿಸದೆ ಹೇಳಿದಳು:

"ಹಾಡಬ್ಯಾಡ ಅಂದ್ರಲ್ರಿ ಅಕ್ಕಾರ. ನನಗ ಅಳೂದು ಬ್ಯಾರೆ, ಹಾಡೂದು ಬ್ಯಾರೆ ಅಂತ ಗೊತ್ತಿಲ್ರಿ. ಎರಡೂ ಒಂದ ಗಂಟಲದಾಗಿಂದ ಬರ್ತಾವು. ಒಂದು ಮುಚ್ಚಿದ್ರ ಇನ್ನೊಂದೂ ಮುಚ್ಚತೈತಿ."

ಸಿಟ್ಟಿನ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮುಂದಿಟ್ಟಳು. ಗ್ರೇಟಾ ತಿಂದಳು. ತಪ್ಪಾಯಿತು ಎನ್ನುವ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಅದನ್ನೂ ರೊಟ್ಟಿಯ ಜೊತೆ ನುಂಗಿದಳು. ಕಲಿಸಲು ಬಂದವರಿಗೆ ಕಲಿಯುವುದು ಇಷ್ಟು ಕಷ್ಟ. ಹೀಗೆ ಏಳು ತಿಂಗಳು ಹೋದವು. ಪ್ರತಿ ಭಾನುವಾರ ಆ ಮುಚ್ಚಿದ ಬಾಯಿಯ ಎದುರು ನಿಂತು ಪ್ರಾರ್ಥನೆ ಹೇಳುವುದು ಅವಳಿಗೆ ಮುಳ್ಳಿನ ಮೇಲೆ ನಿಂತಷ್ಟೇ ಕಷ್ಟವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ, ಜನ ಆಗಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಾಗ, ಮೂಲ್ಕಿಯಿಂದ ತಮ್ಮನ ಫೋನು ಬಂತು. ಅಮ್ಮ ನಸುಕಿನಲ್ಲಿ ಹೋಗಿಬಿಟ್ಟಿದ್ದಳು. ನೀನು ಬರುವವರೆಗೆ ಇಟ್ಟಿರುತ್ತೇವೆ, ನಾಳೆ ಹತ್ತಕ್ಕೆ ಮಣ್ಣು, ಎಂದ. ಬಸ್ಸು ಇದ್ದದ್ದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಏನು ಮಾಡುವುದೆಂದು ತಿಳಿಯದೆ ಗ್ರೇಟಾ ಆರಾಧನೆಗೇ ನಿಂತಳು. ಹನಮಪ್ಪನಿಗೆ ವಿಷಯ ಹೇಳಿದಳು, ಅವನು ಸಭೆಗೆ ಹೇಳಿದ. ಅವಳು ಪುಸ್ತಕ ತೆರೆದಳು. ಅಕ್ಷರಗಳು ಇದ್ದವು, ದನಿ ಹೊರಡಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ.

ಮಾರೆಮ್ಮ ಎದ್ದು ಬಂದಳು. ಪುಸ್ತಕವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. ಕೈ ಹಿಡಿದು ಜಮಖಾನದ ಮೇಲೆ ಕೂರಿಸಿಕೊಂಡಳು.

"ನಿಮ್ಮವ್ವನ ಹೆಸರೇನ್ರಿ?"

"ಲಿಡಿಯಾ."

ಆ ಹೆಸರು ಮಾರೆಮ್ಮನ ನಾಲಿಗೆಯ ಮೇಲೆ ಎರಡು ಸಲ ಹೊರಳಿ ಲೀಡವ್ವ ಆಯಿತು. ಏನು ಮಾಡುತ್ತಿದ್ದರು, ಏನು ಉಣ್ಣುತ್ತಿದ್ದರು ಎಂದು ಕೇಳಿದಳು. ಗ್ರೇಟಾ ಹೇಳಿದಳು: ಬೀಡಿ ಕಟ್ಟುತ್ತಿದ್ದಳು, ಬೀಡಿ ಕಟ್ಟಿಯೇ ನಮ್ಮಿಬ್ಬರನ್ನು ಓದಿಸಿದಳು, ಗಂಜಿಗೆ ಮಾವಿನ ಮಿಡಿ ಇದ್ದರೆ ಅವಳಿಗೆ ಬೇರೆ ಏನೂ ಬೇಡ. ಹೆಂಗಸರು ಒಬ್ಬೊಬ್ಬರೇ ಹತ್ತಿರ ಸರಿದು ಸುತ್ತ ಕುಳಿತರು. ಮಾರೆಮ್ಮ ಕಣ್ಣು ಮುಚ್ಚಿದಳು. ಏಳು ತಿಂಗಳಿಂದ ಮುಚ್ಚಿದ್ದ ಗಂಟಲು ಮೊದಲು ಕರಕರ ಎಂದಿತು.

"ಬೀಡಿ ಕಟ್ಟಿ ಬೆರಳ ಸವಿಸಿದಿ ನನ ತಾಯಿ, ಲೀಡವ್ವಾ. ಗಂಜಿ ಕುಡದು ಮಗಳಿಗಿ ಅಕ್ಷರ ಉಣಿಸಿದಿ ನನ ತಾಯಿ. ಮಗಳನ್ನ ನಮ್ಮೂರಿಗಿ ಕೊಟ್ಟು ಬರಿಗೈಲೆ ಹೋದಿ ನನ ತಾಯಿ…"

ಎಂದೂ ನೋಡದ ಹೆಂಗಸಿಗಾಗಿ, ಎಂದೂ ಕಾಣದ ಊರಿಗಾಗಿ ಅವಳು ಅತ್ತಳು. ಗ್ರೇಟಾ ಮಾರೆಮ್ಮನ ಮಡಿಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಆಗ ಹಾಡು ದಾರಿ ಬದಲಿಸಿತು.

"ಹೋಗೂ ದಾರ್ಯಾಗ ನನ ಸುನಿತಾ ಸಿಗತಾಳ, ಲೀಡವ್ವಾ. ತಲಿ ಬಾಚಿ ಹೆರಳ ಹಾಕ ನನ ತಾಯಿ. ನಾ ಅಳಲಾರದ ಕಳಿಸೇನಿ, ಸಿಟ್ಟಾಗ್ಯಾಳ. ನಿಮ್ಮವ್ವಗ ಬಾಯಿ ಕಟ್ಟಿತ್ತು ಅಂತ ಹೇಳ ನನ ತಾಯಿ…"

ಶೆಡ್ಡಿನಲ್ಲಿ ಅಳದವರು ಯಾರೂ ಉಳಿಯಲಿಲ್ಲ. ಹನಮಪ್ಪ ತಾಳವನ್ನು ಕೆಳಗಿಟ್ಟು ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಅಂದು ಬೇರೆ ಆರಾಧನೆ ನಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬಸ್ಸು ಹತ್ತಿಸಲು ಮಾರೆಮ್ಮನೇ ಬಂದಳು. ಮೆಟ್ಟಿಲ ಬಳಿ ಗ್ರೇಟಾ ಅವಳ ಎರಡೂ ಕೈ ಹಿಡಿದು, ತಪ್ಪಾಯಿತು ಹೊಟ್ಟೆಗೆ ಹಾಕಿಕೊಳ್ಳಿ, ಎಂದಳು.

"ಸುನಿತಾ ಹೊಳ್ಳಿ ಬರಂಗಿಲ್ರಿ ಅಕ್ಕಾರ," ಎಂದಳು ಮಾರೆಮ್ಮ. "ನೀವು ಹೋಗಿ ನಿಮ್ಮವ್ವಗ ಬಾಯ್ತುಂಬ ಅಳ್ರಿ. ಅಷ್ಟ ಮಾಡ್ರಿ."

ಮರುದಿನ ಮೂಲ್ಕಿಯ ಚರ್ಚಿನಲ್ಲಿ ತೆರೆದ ಶವಪೆಟ್ಟಿಗೆಯ ಸುತ್ತ ಬಿಳಿ ಹೂವಿತ್ತು. ಗಾಯನ ತಂಡದವರು ನಾಲ್ಕು ದನಿಯಲ್ಲಿ ಕೀರ್ತನೆ ಹಾಡಿ ಕುಳಿತರು. ಎಲ್ಲರ ಕೈಯಲ್ಲೂ ಮಡಿಸಿದ ಕರ್ಚೀಫು. ಗ್ರೇಟಾ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತಳು. ಅಮ್ಮನ ಬಲಗೈ ಹೆಬ್ಬೆರಳಿನಲ್ಲಿ ಬೀಡಿ ಎಲೆಯ ಕಪ್ಪು ಇನ್ನೂ ಇತ್ತು. ಅದನ್ನು ಹಿಡಿದುಕೊಂಡು ಅವಳು ತುಳುವಿನಲ್ಲಿ, ಮಾರೆಮ್ಮನ ಧಾಟಿಯಲ್ಲಿ, ಅಮ್ಮನನ್ನು ಅಪ್ಪೇ ಎಂದು ಕರೆದು ಹಾಡು ಎತ್ತಿದಳು. ಬೀಡಿಯ ಮಾತು ಬಂತು, ಗಂಜಿಯ ಮಾತು ಬಂತು. ಬೆಂಚುಗಳಲ್ಲಿ ತಲೆಗಳು ತಿರುಗಿದವು. ಯಾರೋ ಕೆಮ್ಮಿದರು. ಹಾಡು ಸುನಿತಾಳ ಹೆಸರಿಗೆ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ತಮ್ಮ ಬಾಗಿ ಅವಳ ಹೆಗಲು ಮುಟ್ಟಿದ.

"ಅಕ್ಕ, ಯಾವು," ಎಂದ.

ತುಳುವಿನಲ್ಲಿ ಸಾಕು ಎನ್ನುವುದಕ್ಕೆ ಅದೇ ಮಾತು. ಅವನೂ ಪ್ರೀತಿಯಿಂದಲೇ ಹೇಳಿದ್ದ. ಗ್ರೇಟಾ ಅವನ ಮುಖ ನೋಡಿದಳು, ಆಮೇಲೆ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು.