ಕಬ್ಬಿಣಾಂಶದ ಮಾತ್ರೆಯೂ ಕಾಫಿ ಲೋಟವೂ

ವಿಮಲಮ್ಮ ಕಣದಲ್ಲಿ ಕುಸಿದು ಕೂತ ದಿನ ನಾನು ಅಲ್ಲೇ ಇದ್ದೆ. ಒಣಗಲು ಹರಡಿದ್ದ ಕಾಫಿಯಲ್ಲಿ ಕೈಯಾಡಿಸುತ್ತಿದ್ದವಳು, ಕಣ್ಣು ಕತ್ತಲೆ ಬರುತ್ತಿದೆ ಎಂದು ಬಿಸಿಲಲ್ಲೇ ಕೂತುಬಿಟ್ಟಳು. ವಯಸ್ಸು ಇನ್ನೂ ಮೂವತ್ತೆಂಟು. ಐದಾರು ತಿಂಗಳಿಂದ ಬೆಳಿಗ್ಗೆ ಏಳುವಾಗಲೇ ಸುಸ್ತು, ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು. ಕೊಯ್ಲಿನ ಕಾಲ, ಯಾರಿಗೆ ಸುಸ್ತಿಲ್ಲ ಎಂದು ಮನೆಯವರು ಸುಮ್ಮನಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ನಾನು ಗಿರಿಜಾಂಬಾ. ಆಲ್ದೂರಿನಿಂದ ಮೇಲಕ್ಕೆ ಬರುವ ರಸ್ತೆಯಲ್ಲಿ ನಮ್ಮದೊಂದು ಅಂಗಡಿ ಇದೆ. ನಾನು ಹುರಿದು ಪುಡಿ ಮಾಡಿಸಿದ ಕಾಫಿಪುಡಿಗೆ ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರು. ವಿಮಲಮ್ಮನೂ ನಾನೂ ಒಂದೇ ಸ್ತ್ರೀಶಕ್ತಿ ಸಂಘದವರು, ಅಲ್ಲಿ ನನ್ನ ಬಾಯಿ ಸ್ವಲ್ಪ ಜೋರು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ಚಾಳಿ ಬೇರೆ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನು. ಆದ್ದರಿಂದ ಇನ್ನೊಬ್ಬರ ಬಾಯಿಂದ ಬರುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ನಮ್ಮ ಆರೋಗ್ಯ ಉಪಕೇಂದ್ರದ ನರ್ಸ್ ಭುವನಾ ಬಂದು ವಿಮಲಮ್ಮನ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. ಹೆಂಗಸರಿಗೆ ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಇವಳಿಗೆ ಎಂಟಿತ್ತು. ರಕ್ತಹೀನತೆ, ಅದಕ್ಕೇ ಸುಸ್ತು ಎಂದು ಹೇಳಿ ಕಬ್ಬಿಣಾಂಶದ ಮಾತ್ರೆ ಕೊಟ್ಟು ಹೋದರು.

ಎರಡು ದಿನಕ್ಕೆ ವಿಮಲಮ್ಮ ಮುಖ ಕಿವುಚಿಕೊಂಡು ಅಂಗಡಿಗೆ ಬಂದಳು. ಮಾತ್ರೆ ನುಂಗಿದರೆ ಬಾಯಲ್ಲಿ ತುಕ್ಕಿನ ವಾಸನೆ, ವಾಂತಿ ಬಂದ ಹಾಗಾಗುತ್ತದೆ ಎಂದಳು. ನನಗೆ ಅಷ್ಟು ಸಾಕಾಯಿತು. ಊಟ ಆದ ಮೇಲೆ ಹೇಗೂ ಕಾಫಿ ಕುಡಿಯುತ್ತೀಯಲ್ಲ ಮಾರಾಯ್ತಿ, ಅದರ ಜೊತೆ ನುಂಗಿಬಿಡು, ವಾಸನೆ ಗೊತ್ತೇ ಆಗುವುದಿಲ್ಲ ಎಂದೆ. ಪಾಪ, ಅವಳು ಒಂದು ದಿನವೂ ತಪ್ಪಿಸದೆ ಹಾಗೇ ಮಾಡಿದಳು.

ಎರಡು ತಿಂಗಳು ಕಳೆಯಿತು. ಸುಸ್ತು ಇಳಿಯಲಿಲ್ಲ. ಆಗ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಅಂಗಡಿಗೆ ಯಾರೋ ತಂದುಕೊಟ್ಟಿದ್ದ ಶಕ್ತಿಯ ಲೇಹ್ಯ ಇತ್ತು. ಬಾಟಲಿಯ ಮೇಲೆ ಪೈಲ್ವಾನನ ಚಿತ್ರ ಬಿಟ್ಟರೆ ಮತ್ತೇನೂ ಇಲ್ಲ. ಅದನ್ನು ಅವಳಿಗೆ ಮಾರಿದೆ. ಒಂದು ಬಾಟಲಿ ಖಾಲಿಯಾಯಿತು, ಎರಡನೆಯದೂ ಆಯಿತು. ವಿಮಲಮ್ಮನ ಕೆನ್ನೆಗೆ ಮಾತ್ರ ಬಣ್ಣ ಬರಲಿಲ್ಲ.

ಅಷ್ಟರಲ್ಲಿ ವಿಮಲಮ್ಮನ ಮನೆಯಲ್ಲಿ ಬೇರೆಯೇ ತೀರ್ಮಾನ ಆಗಿತ್ತು. ಮಗಳು ಮೇಘಶ್ರೀ ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದಳು. ಇನ್ನು ಅವಳನ್ನು ಸ್ಕೂಲು ಬಿಡಿಸಿ ಮನೆಕೆಲಸಕ್ಕೆ ನಿಲ್ಲಿಸುವುದು ಎಂದು ಅತ್ತೆ ರುಕ್ಮಿಣಮ್ಮ ಹೇಳಿದರು. ವಿಮಲಮ್ಮನ ಗಂಡ ರುದ್ರಪ್ಪ ಸೋಮವಾರ ಟೀಸಿ ತರಲು ಹೊರಟಿದ್ದ. ನಾನು ಹೋಗಿ ಜಗಳ ಮಾಡಿದರೆ ರುಕ್ಮಿಣಮ್ಮನ ಕಣ್ಣಲ್ಲಿ ನೀರು ಬಂತು.

"ನಾನೇನು ಮೊಮ್ಮಗಳ ಶತ್ರುನಾ ಗಿರಿಜಾ? ಸೊಸೆ ದಿನದಿನಕ್ಕೆ ಇಳ್ದು ಹೋಗ್ತಿದಾಳೆ. ನನ್ ಕೈಲೂ ಆಗಲ್ಲ. ಮನೆ ನೋಡೋರು ಯಾರಾದ್ರೂ ಬೇಕಲ್ಲ."

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೇಘಶ್ರೀ ಮುಂದಿನ ವರ್ಷಕ್ಕೆಂದು ಪಕ್ಕದ ಮನೆಯಿಂದ ತಂದಿಟ್ಟುಕೊಂಡಿದ್ದ ಹತ್ತನೇ ಕ್ಲಾಸಿನ ಹಳೆಯ ಪುಸ್ತಕಗಳನ್ನು ಒಂದೊಂದೇ ಚೀಲಕ್ಕೆ ಹಾಕಿ, ವಾಪಸ್ ಕೊಟ್ಟು ಬರುತ್ತೇನೆ ಎಂದು ಹೊರಟಳು.

ಮರುದಿನವೇ ನಾನು ಭುವನಾ ಅವರನ್ನು ಕರೆದುಕೊಂಡು ಬಂದೆ. ಮತ್ತೆ ರಕ್ತ ನೋಡಿದರು. ಎಂಟೂ ಕಾಲು. ಭುವನಾಗೆ ಆಶ್ಚರ್ಯ. ಮಾತ್ರೆ ತೆಗೆದುಕೊಂಡೇ ಇಲ್ಲವೇ ಎಂದು ಕೇಳಿದರು. ವಿಮಲಮ್ಮ ಒಳಗೆ ಹೋಗಿ ಖಾಲಿಯಾದ ಮಾತ್ರೆ ಹಾಳೆಗಳನ್ನೆಲ್ಲ ತಂದು ತೋರಿಸಿದಳು.

"ಒಂದಿನಾನೂ ಬಿಟ್ಟಿಲ್ಲ ಸಿಸ್ಟರ್. ಊಟ ಆದ್ಮೇಲೆ ಕಾಫಿ ಕುಡಿತೀವಲ್ಲ, ಅದ್ರ ಜೊತೆನೇ ತಗೊಂಡಿದೀನಿ."

"ಕಾಫಿ ಜೊತೆ ತಗೊಳಿ ಅಂತ ಯಾರು ಹೇಳಿದ್ದು?"

ವಿಮಲಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಹೆಸರೂ ಹೇಳಲಿಲ್ಲ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನಾನೇ ಹೇಳಿದ್ದು ಸಿಸ್ಟರ್ ಎಂದು ಒಪ್ಪಿಕೊಂಡೆ.

ಭುವನಾ ಬೈಯಲಿಲ್ಲ. ಕಾಫಿ, ಟೀ ಎರಡೂ ಹೊಟ್ಟೆಯಲ್ಲಿ ಕಬ್ಬಿಣದ ಅಂಶವನ್ನು ಹಿಡಿದುಕೊಂಡುಬಿಡುತ್ತವೆ, ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಮಾತ್ರೆಗಷ್ಟೇ ಅಲ್ಲ, ಊಟದ ಸೊಪ್ಪು ಕಾಳಿಗೂ ಅದೇ ಗತಿಯಂತೆ. ನನ್ನ ಬಾಯಿ ಸುಮ್ಮನಿರುತ್ತದೆಯೇ? ತಾತನ ಕಾಲದಿಂದ ಕಾಫಿ ಬೆಳೆದು ಕಾಫಿ ಕುಡಿದೇ ಬದುಕಿದವರು ನಾವು, ಈಗ ಬಿಡಿ ಎಂದರೆ ಹೇಗೆ ಎಂದು ಕೇಳಿದೆ.

"ಬಿಡಿ ಅಂತ ನಾನೆಲ್ಲಿ ಹೇಳ್ದೆ ಗಿರಿಜಕ್ಕ? ಊಟಕ್ಕೂ ಮಾತ್ರೆಗೂ ಹತ್ರ ತರ್ಬೇಡಿ ಅಂದೆ ಅಷ್ಟೆ. ಎರಡು ಗಂಟೆ ಬಿಟ್ಟು ಆರಾಮಾಗಿ ಕುಡೀರಿ."

ಆಮೇಲೆ ವಿಮಲಮ್ಮ ದಿನವೂ ಏನು ಊಟ ಮಾಡುತ್ತಾಳೆ ಎಂದು ವಿಚಾರಿಸಿದರು. ಎಲ್ಲರದೂ ಆದ ಮೇಲೆ ಉಳಿದದ್ದು ಎಂದಳು. ಕೋಳಿ ಮಾಡಿದ ದಿನವೋ ಎಂದರೆ, ಸಾರು ಇದ್ದೇ ಇರುತ್ತದಲ್ಲ ಎಂದು ನಕ್ಕಳು. ರುದ್ರಪ್ಪ ತಲೆ ತಗ್ಗಿಸಿದ. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು ಹೆಂಡತಿಯ ತಟ್ಟೆಯಲ್ಲಿ ಏನಿದೆ ಎಂದು ಅವನು ನೋಡಿರಲಿಲ್ಲ.

ಲೇಹ್ಯದ ಬಾಟಲಿಯನ್ನೂ ಭುವನಾ ತಿರುಗಿಸಿ ನೋಡಿದರು. ಗಿಡಮೂಲಿಕೆ ಅಲ್ಲವೇ, ಏನೂ ತೊಂದರೆ ಇಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಯಾವ ಗಿಡ, ಯಾವ ಮೂಲಿಕೆ, ಮಾಡಿದವರು ಯಾರು ಎಂದು ಬರೆದೇ ಇಲ್ಲದ್ದನ್ನು ನಂಬಿ ಹೊಟ್ಟೆಗೆ ಹಾಕುವುದು ಹೇಗೆ ಎಂದರು. ಉಳಿದ ಬಾಟಲಿಗಳನ್ನೆಲ್ಲ ಕೊಟ್ಟವನಿಗೇ ವಾಪಸ್ ಕಳಿಸಿದೆ.

ತಿಂಗಳ ಸ್ರಾವ ಜಾಸ್ತಿ ಎಂದು ತಿಳಿದ ಮೇಲೆ ಭುವನಾ ವಿಮಲಮ್ಮನನ್ನು ಡಾಕ್ಟರ ಹತ್ತಿರವೂ ಕಳಿಸಿದರು. ಡಾಕ್ಟರು ಅದಕ್ಕೆ ಔಷಧಿ ಕೊಟ್ಟು, ಜಂತುಹುಳದ ಮಾತ್ರೆ ಕೊಟ್ಟು, ಕಬ್ಬಿಣಾಂಶದ ಮಾತ್ರೆ ಮುಂದುವರಿಸಲು ಹೇಳಿದರು. ಸ್ಕೂಲು ಶುರುವಾಗಲು ಇನ್ನೂ ಎರಡು ತಿಂಗಳಿತ್ತು.

"ಅಮ್ಮ, ಈ ಎರಡು ತಿಂಗಳು ನಂಗೆ ಕೊಡಿ. ಅಲ್ಲೀವರೆಗೆ ಟೀಸಿ ತರ್ಬೇಡಿ," ಎಂದು ಭುವನಾ ರುಕ್ಮಿಣಮ್ಮನ ಕೈ ಹಿಡಿದು ಕೇಳಿಕೊಂಡರು. ಮುದುಕಿ ಆಗಲಿ ಎಂದರು.

ಒಪ್ಪಿಕೊಂಡ ಮೇಲೆ ರುಕ್ಮಿಣಮ್ಮ ಹಟಕ್ಕೆ ಬಿದ್ದರು. ಊಟವಾದ ಮೇಲೆ ಕಾಫಿ ಇಲ್ಲದಿದ್ದರೆ ಉಂಡ ಹಾಗೇ ಅನ್ನಿಸದ ಜೀವ ಅದು. ಆದರೂ ಸೊಸೆಗೆ ಆಸೆಯಾಗಬಾರದೆಂದು ತಾವೂ ಬಿಟ್ಟು, ಹಗಲು ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಮಾತ್ರ ಕಾಫಿ ಕಾಯಿಸಿದರು. ಮೊದಲ ವಾರ ತಲೆನೋವೆಂದು ನನ್ನ ಮೇಲೆ ಹರಿಹಾಯ್ದರು, ನಾನು ಬೈಸಿಕೊಂಡೆ. ಮಾತ್ರೆಯನ್ನು ಊಟದ ನಂತರ ನಿಂಬೆಹಣ್ಣಿನ ಪಾನಕದ ಜೊತೆ ಕೊಟ್ಟರು, ಹುಳಿಯಿದ್ದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ ಎಂದು ಭುವನಾ ಹೇಳಿದ್ದರು. ಹಿತ್ತಲಿನ ನುಗ್ಗೆಸೊಪ್ಪು, ಹರಿವೆಸೊಪ್ಪು, ಮೊಳಕೆ ಕಟ್ಟಿದ ಹೆಸರುಕಾಳು, ರಾಗಿ ರೊಟ್ಟಿ, ದಿನವೂ ಒಂದಲ್ಲ ಒಂದು ತಟ್ಟೆಗೆ ಬಂತು. ಒಂದೆಲಗದ ತಂಬುಳಿಯೂ ಇತ್ತು. ಅದು ಬಾಯಿಗೆ ಹಿತ, ಮಾತ್ರೆಯ ಬದಲಿಗೆ ಅಲ್ಲ ಎಂದು ಭುವನಾ ಮೊದಲೇ ಎಚ್ಚರಿಸಿದ್ದರು. ಮಾಂಸದ ತುಂಡನ್ನು ರುದ್ರಪ್ಪ ತಾನೇ ಹೆಂಡತಿಗೆ ಬಡಿಸಿದ. ಮಲ ಕಪ್ಪಾಗಿದೆ ಎಂದು ವಿಮಲಮ್ಮ ಒಂದು ದಿನ ಗಾಬರಿಯಾದಳು. ಈ ಮಾತ್ರೆಗೆ ಹಾಗಾಗುವುದು ಸಹಜ ಎಂದು ಭುವನಾ ಸಮಾಧಾನ ಹೇಳಿದರು.

ಮೇ ಕೊನೆಗೆ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಹತ್ತೂಮುಕ್ಕಾಲಿಗೆ ಬಂದಿತ್ತು. ಇನ್ನೂ ಕೆಲವು ತಿಂಗಳು ಮಾತ್ರೆ ಬಿಡುವ ಹಾಗಿಲ್ಲ, ಆದರೆ ದಾರಿ ಸರಿಯಾಗಿದೆ ಎಂದರು ಭುವನಾ. ರುಕ್ಮಿಣಮ್ಮ ಆ ಚೀಟಿಯನ್ನು ಮೊಮ್ಮಗಳ ಕೈಯಲ್ಲಿ ಎರಡು ಸಲ ಓದಿಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿದರು.

"ಟೀಸಿ ಗೀಸಿ ಏನೂ ಬೇಡ ರುದ್ರ. ಹುಡುಗಿ ಹತ್ತನೇ ಕ್ಲಾಸಿಗೆ ಹೋಗ್ಲಿ."

ವಿಮಲಮ್ಮ ಮಗಳನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತುಬಿಟ್ಟೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ಸುಸ್ತು ಎಂದರೆ ಸೋಮಾರಿತನ ಅನ್ನಬೇಡಿ. ಉಪಕೇಂದ್ರಕ್ಕೆ ಹೋಗಿ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ಕೊಟ್ಟರೆ ಹೇಗೆ, ಯಾವಾಗ, ಯಾವುದರ ಜೊತೆ ಎಂದು ಕೊಟ್ಟವರನ್ನೇ ಕೇಳಿ, ನನ್ನಂಥವರನ್ನು ಕೇಳಬೇಡಿ. ಇವತ್ತು ಊಟಕ್ಕೆ ಕೂರುವಾಗ ಒಮ್ಮೆ ಅಡುಗೆಮನೆ ಕಡೆ ನೋಡಿ. ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರಿದ್ದಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ತಟ್ಟೆಗೆ ಮೊದಲು ಬಡಿಸಿ.