ಎಸ್ಪೆರಾನ್ಸಾಬಾಯಿಗೆ ಬಳೆ ಇಟ್ಟದ್ದು

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಗೋವಾದ ಈ ಕೆಪೆ ಮಾರ್ಕೆಟ್ಟಿಗೆಲ್ಲ ಗೊತ್ತು. ಆದರೆ ಈ ವಿಷಯದಲ್ಲಿ ನಾನು ತುಟಿ ಬಿಚ್ಚಲಿಲ್ಲ, ಅಲ್ಲಾಹನಾಣೆ. ಕೆಡಿಸಿದ್ದು ನನ್ನ ಬಾಯಿಯಲ್ಲ, ಕೈ.

ವಿಜಾಪುರದ ಇಂಡಿ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಇಲ್ಲಿ ಬಳೆ ಅಂಗಡಿ ಇಟ್ಟಿದ್ದೇನೆ. ಒಂದು ಸೋಮವಾರ ಮಧ್ಯಾಹ್ನ, ಮಾರ್ಕೆಟ್ಟೆಲ್ಲ ತೂಕಡಿಸುವ ಹೊತ್ತಿನಲ್ಲಿ, ಎಸ್ಪೆರಾನ್ಸಾಬಾಯಿ ಬಂದು ನನ್ನ ಬಿಳಿ ಸ್ಟೂಲಿನ ಮೇಲೆ ಕೂತರು. ಅವರು ಬರೆದ ಚಿತ್ರಗಳು ಮುಂಬಯಿ, ಪ್ಯಾರಿಸ್ಸಿನ ಗೋಡೆಗಳ ಮೇಲಿವೆ. ಪೇಪರಿನಲ್ಲಿ ತಿಂಗಳಿಗೊಮ್ಮೆಯಾದರೂ ಅವರ ಮುಖ ಇರುತ್ತದೆ. ಅರವತ್ತೇಳು ವರ್ಷ ವಯಸ್ಸು. ಬೆರಳಿಗೆ ಸದಾ ನೀಲಿ ಬಣ್ಣ.

“ಹಸಿರು ಬಳೆ ಇಡು,” ಎಂದು ಕೈ ಚಾಚಿದರು. ನಮ್ಮಿಬ್ಬರ ಮಾತು ಕೊಂಕಣಿಯಲ್ಲೇ. “ಮದುಮಗಳಿಗೆ ಇಡುವಷ್ಟು.”

“ಯಾರು ಮದುಮಗಳು?”

“ನಾನೇ.”

ಕೈಯಲ್ಲಿದ್ದ ಬಳೆ ಡಬ್ಬಿ ಬೀಳುವುದೊಂದು ಬಾಕಿ. ವರ ಯಾರೆಂದರೆ ಆವೆಲಿನೊ, ಅವರ ಚಿತ್ರಗಳಿಗೆ ಚೌಕಟ್ಟು ಕಟ್ಟುವ ಬಡಗಿ. ಪ್ರತಿ ಚೌಕಟ್ಟು ತಂದಾಗಲೂ ಮದುವೆಯಾಗು ಎಂದು ಕೇಳುತ್ತಿದ್ದನಂತೆ. ಇಪ್ಪತ್ತೆರಡು ವರ್ಷ ಕೇಳಿದ ಮೇಲೆ ಈ ಸಲ ಹೂಂ ಎಂದಿದ್ದಾರೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಚರ್ಚಿನಲ್ಲಿ ಮದುವೆ. ಪಾದ್ರಿ, ಇವರಿಬ್ಬರು, ಇಬ್ಬರು ಸಾಕ್ಷಿಗಳು, ಅಷ್ಟೇ. ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿ ಓದಿ ಹೇಳುವ ಪದ್ಧತಿಯಿದೆ. ಬಿಷಪ್ಪರನ್ನು ಕೇಳಿ ಅದನ್ನೂ ತಪ್ಪಿಸಿಕೊಂಡಿದ್ದರು.

“ವಯಸ್ಸಿನಲ್ಲಿದ್ದಾಗ ಒಮ್ಮೆ ಹೀಗೇ ಹೊರಟಿದ್ದೆ, ಬೇರೆಯವನ ಜೊತೆ. ಚರ್ಚಿನ ತುಂಬ ಪೇಪರಿನವರು, ಕ್ಯಾಮೆರಾ. ಬಾಗಿಲಿನಿಂದಲೇ ಓಡಿಬಂದೆ,” ಎಂದರು. “ಈಗಲೂ ಜನ ಕಂಡರೆ ನನ್ನ ಕಾಲು ನಿಲ್ಲುವುದಿಲ್ಲ, ಲಾಡಬಿ. ಈ ಸಲವೂ ಓಡಿದರೆ ಇನ್ನೊಮ್ಮೆ ಕೇಳುವಷ್ಟು ಆಯಸ್ಸು ಆವೆಲಿನೊಗೂ ಇಲ್ಲ. ನೀನೊಬ್ಬಳು ಸಾಕ್ಷಿಗೆ ಬಾ. ಯಾರಿಗೂ ಹೇಳಬೇಡ.”

ಹೂಂ ಎಂದೆ. ಅವರ ಬೆರಳಿನ ಗೆಣ್ಣುಗಳು ಬಾತಿದ್ದವು. ಸೋಪಿನ ನೀರು ಹಚ್ಚಿ, ಒತ್ತಿ, ಒಂದೂ ಒಡೆಯದಂತೆ ಏರಿಸಿದೆ.

“ನಿಮ್ಮ ಜೊತೆ ಬಳೆ ಇಡಿಸಿಕೊಳ್ಳುವವರು?” ಎಂದು ಕೇಳಿದೆ. ಮದುಮಗಳ ಜೊತೆ ಮನೆಯ ಹೆಂಗಸರೂ ಇಡಿಸಿಕೊಳ್ಳುವುದು ಇಲ್ಲಿನ ಕ್ರಿಶ್ಚಿಯನ್ನರಲ್ಲೂ ಉಂಟು, ನಮ್ಮ ಕಡೆಯೂ ಉಂಟು.

“ಯಾರೂ ಇಲ್ಲ,” ಎಂದು ಅಂಗಿಯ ಉದ್ದ ತೋಳನ್ನು ಬಳೆಗಳ ಮೇಲೆ ಎಳೆದುಕೊಂಡು ಹೋದರು.

ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮದುಮಗಳೊಬ್ಬಳಿಗೇ ಬಳೆ ಇಟ್ಟು ಅಂಗಡಿ ಮುಚ್ಚಬಾರದು ಎಂದು ನನ್ನ ಅತ್ತೆ ಕಲಿಸಿದ್ದಳು. ಎದುರಿಗೆ ಸೊಪ್ಪು ಮಾರುವ ನಮ್ಮ ಕಡೆಯ ಫಕೀರವ್ವನನ್ನು ಕರೆದು ಎರಡೆರಡು ಹಸಿರು ಬಳೆ ಇಟ್ಟೆ.

“ಯಾರ ಲಗ್ನ ಐತಿ?” ಎಂದಳು.

“ಸುಮ್ನ ಇಡಿಸ್ಕೋ, ಕೇಳಬ್ಯಾಡ.”

ಆಮೇಲೆ ಕನ್ನಡಿ ಹೊಲಿದ ಚೀಲ ಮಾರುವ ಥಾವರಿಬಾಯಿ. ಆಮೇಲೆ ಮೀನಿನ ಸಾಲಿನವರು. ಕೈ ನಿಲ್ಲಲೇ ಇಲ್ಲ. ಸಂಜೆ ಸ್ಟೂಲು ಒಳಗಿಡುವಾಗ ನೋಡುತ್ತೇನೆ, ಅದರ ಅಂಚಿಗೆ ಐದು ನೀಲಿ ಬೆರಳಿನ ಗುರುತು! ಹತ್ತೊಂಬತ್ತು ಹೆಂಗಸರನ್ನು ಅದರ ಮೇಲೇ ಕೂಡಿಸಿದ್ದೆ. ಕೆಪೆಯಲ್ಲಿ ನೀಲಿ ಬೆರಳು ಇನ್ಯಾರಿಗಿದೆ? ನನ್ನ ತಲೆಗೆ ನಾನೇ ಎರಡು ಬಿಗಿದುಕೊಂಡೆ.

ಮಂಗಳವಾರ ಮಾರ್ಕೆಟ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಫಕೀರವ್ವ ಕೂಡ ಕೇಳಲಿಲ್ಲ. ಅದಕ್ಕೇ ಹೆಚ್ಚು ಹೆದರಿದೆ.

ಬುಧವಾರ ಚರ್ಚಿನೊಳಗೆ ಕಾಲಿಟ್ಟರೆ ಹಿಂದಿನ ಬೆಂಚುಗಳು ಭರ್ತಿ. ತಲೆಯ ಮೇಲೆ ಸೆರಗು ಹೊದ್ದು ಹತ್ತೊಂಬತ್ತೂ ಜನ ಕೂತಿದ್ದಾರೆ. ನನ್ನ ಮೈ ಉರಿದುಹೋಯಿತು.

“ಏಳ್ರಿ ಮ್ಯಾಲ! ನಿಮಗ ಬಾ ಅಂದವರ್ಯಾರು?”

“ಬಳಿ ಇಡಿಸ್ಕೊಂಡ ಮ್ಯಾಲ ಲಗ್ನಕ್ಕ ಬರಬೇಕಲ್ಲವಾ?” ಎಂದಳು ಫಕೀರವ್ವ. “ಸ್ಟೂಲಿನ ಮ್ಯಾಲ ನೀಲಿ ಬೆರಳು ಕಂಡ್ವಿ, ಬುಧವಾರ ಎಂಟಕ್ಕ ಅಂತ ಚರ್ಚಿನ ಕಸ ಹೊಡಿಯೋ ಮೀನಿನಾಕಿಗೆ ಗೊತ್ತಿತ್ತು. ಬ್ಯಾರೆ ಯಾರ ಮುಂದೂ ಒಂದ ಮಾತು ಆಡಿಲ್ಲ. ಎಲ್ಲಾರ ಫೋನೂ ಹೊರಗ ಮೆಂತ್ಯಾದ ಬುಟ್ಟ್ಯಾಗ ಅದಾವ. ನೀ ಒದರಬ್ಯಾಡ, ಇದು ದೇವರ ಗುಡಿ.”

ಅಷ್ಟರಲ್ಲಿ ಎಸ್ಪೆರಾನ್ಸಾಬಾಯಿ ಬಾಗಿಲಿಗೆ ಬಂದರು. ತಲೆಗಳನ್ನು ಕಂಡದ್ದೇ ನಿಂತರು. ಒಂದು ಕಾಲು ಹೊಸ್ತಿಲಿನ ಹೊರಗೆ ಹೋಯಿತು. ಮುಂದೆ ಕಂದು ಕೋಟಿನಲ್ಲಿ ನಿಂತಿದ್ದ ಆವೆಲಿನೊನ ಮುಖ ಬಿಳುಚಿತು. ಅವನು ಕರೆಯಲೂ ಇಲ್ಲ, ಹೆಜ್ಜೆಯನ್ನೂ ಇಡಲಿಲ್ಲ.

ನಾನು ಓಡಿಹೋದೆ. “ತಪ್ಪು ನನ್ನದು. ಯಾರಿಗೂ ಹೇಳಲಿಲ್ಲ, ಬಳೆ ಇಟ್ಟೆ. ನಿಮಗೊಬ್ಬರಿಗೇ ಇಟ್ಟು ಸುಮ್ಮನಿರಲು ಆಗಲಿಲ್ಲ.” ಅಳು ಬಂದುಬಿಟ್ಟಿತು.

ಒಬ್ಬಳೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಏಸುವಿನ ಕಡೆಗೇ. ಫಕೀರವ್ವ ಮಾತ್ರ ಹಾಗೇ ಕೂತು, ಬಲಗೈ ಮೇಲೆತ್ತಿ ಬಳೆ ಅಲ್ಲಾಡಿಸಿದಳು. ಹಿಂದೆಯೇ ಥಾವರಿಬಾಯಿ, ಮೀನಿನವರು, ಎಲ್ಲರೂ. ಚರ್ಚಿನ ತುಂಬ ಗಾಜಿನ ಸದ್ದು.

ಎಸ್ಪೆರಾನ್ಸಾಬಾಯಿ ನಿಂತಲ್ಲಿಂದಲೇ ಒಂದೊಂದೇ ಕೈ ನೋಡಿದರು. ಆಮೇಲೆ ಬಳೆ ಮುಚ್ಚಿದ್ದ ಉದ್ದ ತೋಳನ್ನು ಮೊಣಕೈವರೆಗೆ ಸರಿಸಿ, ಹೊರಗಿಟ್ಟ ಕಾಲನ್ನು ಒಳಗೆ ತಂದು, ನನ್ನ ತೋಳು ಹಿಡಿದರು.

“ನಡಿ, ಲಾಡಬಿ,” ಎಂದರು. “ಮನೆಯವರು ಬಂದು ಕೂತಿದ್ದಾರೆ. ಕಾಯಿಸಬಾರದು.”